ನಿಲ್ಲಿಸುವ ವಿದ್ಯೆ

ಬೆಂಗಳೂರಿನ ವಿದ್ಯಾವಂತ ತರುಣರಲ್ಲಿ ಈಚೆಗೆ ಒಂದು ಹೊಸ ಹವ್ಯಾಸ ಬೆಳೆದುಬಂದಿದೆ. ವಾರದ ಐದು ದಿನ ಕಚೇರಿಯಲ್ಲಿ ಕಂಪ್ಯೂಟರಿನ ಮುಂದೆ ಕುಳಿತು ದುಡಿಯುವ ಇವರು, ವರ್ಷಕ್ಕೆ ಒಂದೆರಡು ಬಾರಿ ಶುಕ್ರವಾರ ಸಂಜೆ ತಮ್ಮ ಸ್ವಂತ ಕಾರುಗಳನ್ನೇರಿ ಹೊಸೂರು, ಕೃಷ್ಣಗಿರಿ ಮಾರ್ಗವಾಗಿ ಚೆನ್ನೈ ದಿಕ್ಕಿಗೆ ಹೊರಡುತ್ತಾರೆ. ಸಮುದ್ರ ನೋಡುವುದಕ್ಕಲ್ಲ, ಕಾಂಚೀಪುರದಲ್ಲಿ ಸೀರೆ ಕೊಳ್ಳುವುದಕ್ಕೂ ಅಲ್ಲ. ಚೆನ್ನೈ ಇನ್ನೂ ಸುಮಾರು ನಲವತ್ತು ಕಿಲೋಮೀಟರು ಇದೆಯೆನ್ನುವಾಗಲೇ, ಶ್ರೀಪೆರುಂಬುದೂರಿನ ಬಳಿಯ ಇರುಂಗಾಟ್ಟುಕೋಟೆ ಎಂಬಲ್ಲಿ ಹೆದ್ದಾರಿಯನ್ನು ಬಿಟ್ಟು ಒಳಹೊಗುತ್ತಾರೆ. ಅಲ್ಲಿ ೩.೭ ಕಿಲೋಮೀಟರು ಉದ್ದದ, ಹನ್ನೆರಡು ತಿರುವುಗಳ ಮೋಟಾರು ಓಟದ ವರ್ತುಲವೊಂದಿದೆ. ಶನಿವಾರ, ಭಾನುವಾರ ಎರಡು ದಿನವೂ ಹಣ ಕಟ್ಟಿ, ಹೆಲ್ಮೆಟ್ಟು ತೊಟ್ಟು, ಆ ವರ್ತುಲದಲ್ಲಿ ತಮಗೆ ಸಾಧ್ಯವಾದಷ್ಟು ವೇಗವಾಗಿ ಕಾರು ಓಡಿಸಿ, ಸೋಮವಾರ ಬೆಳಗ್ಗೆ ಕಣ್ಣುಜ್ಜಿಕೊಳ್ಳುತ್ತ ಮತ್ತೆ ಕಚೇರಿಗೆ ಹಾಜರಾಗುತ್ತಾರೆ. ಬಹುಮಾನವಿಲ್ಲ, ಪ್ರೇಕ್ಷಕರಿಲ್ಲ, ಚಪ್ಪಾಳೆಯಿಲ್ಲ. ಗೆದ್ದವರಾರೆಂದು ಕೇಳಿದರೆ ಅವರೇ ನಗುತ್ತಾರೆ.

ಹೊಟ್ಟೆ ತುಂಬಿದವರ ಹುಚ್ಚು ಇದೆಂದು ವಾಚಕರಿಗೆ ತೋರಿದರೆ ಅದರಲ್ಲಿ ತಪ್ಪಿಲ್ಲ. ನನಗೂ ಹಾಗೆಯೇ ತೋರಿತ್ತು. ನನ್ನ ತಂಗಿಯ ಮಗ ಈ ಗುಂಪಿನಲ್ಲಿ ಸೇರಿದ್ದಾನೆಂಬ ಸಂಗತಿ ತಿಳಿದಾಗ, ಅವನ ತಾಯಿಯ ಕಣ್ಣೀರಿಗೆ ಕರಗಿ, ಅವನನ್ನು ಹತೋಟಿಯಲ್ಲಿಡುವ ನೆಪದಿಂದ ಕಳೆದ ಚಳಿಗಾಲದಲ್ಲಿ ನಾನೂ ಜೊತೆಗೆ ಹೊರಟೆ. ಈ ಹುಡುಗನ ವಿಷಯ ಸ್ವಲ್ಪ ಹೇಳಬೇಕು. ಕೆಲಸ ಬೆಂಗಳೂರಿನಲ್ಲಿ, ಮನೆ ಮೈಸೂರಿನಲ್ಲಿ. ಪ್ರತಿ ಶುಕ್ರವಾರ ಊರಿಗೆ ಬಂದೊಡನೆ ಅವನು ಚಪ್ಪಲಿ ಕಳಚುವ ಮೊದಲು ಹೇಳುತ್ತಿದ್ದ ಮಾತು, ಕೆಂಗೇರಿಯಿಂದ ಇಲ್ಲಿಗೆ ಎಷ್ಟು ನಿಮಿಷ ಹಿಡಿಯಿತು ಎಂಬುದು. ಆ ಸಂಖ್ಯೆ ವಾರವಾರಕ್ಕೂ ಇಳಿಯುತ್ತಿತ್ತು. ತಂಗಿಯ ಮುಖವೂ ಅದರೊಂದಿಗೆ ಇಳಿಯುತ್ತಿತ್ತು.

ಅಲ್ಲಿ ನಾನು ಕಂಡದ್ದು ಬೇರೆ. ಶನಿವಾರ ಬೆಳಗ್ಗೆ ಏಳಕ್ಕೆ ಕಾರುಗಳ ತಪಾಸಣೆ ಆರಂಭವಾಯಿತು. ಕಾರಿನೊಳಗೆ ಅಲ್ಲಾಡುವ ವಸ್ತು ಒಂದೂ ಇರಕೂಡದು: ನೀರಿನ ಬಾಟಲಿ, ಕನ್ನಡಿಯ ಕೆಳಗೆ ತೂಗುವ ಗಣಪತಿ, ಹಿಂದಿನ ಸೀಟಿನ ದಿಂಬು, ಎಲ್ಲವೂ ಹೊರಗೆ. ಬ್ರೇಕು ಹಾಕಿದಾಗ ಉರುಳಿಬಂದ ಬಾಟಲಿಯೊಂದು ಪೆಡಲಿನ ಕೆಳಗೆ ಸಿಕ್ಕಿಕೊಂಡರೆ ಮುಂದಿನದನ್ನು ಊಹಿಸಬಹುದು. ಟೈರಿನ ಗಾಳಿ, ಚಕ್ರದ ನಟ್ಟುಗಳು, ಬ್ರೇಕಿನ ಪ್ಯಾಡು, ಎಂಜಿನ್ ಎಣ್ಣೆ ಎಲ್ಲವನ್ನೂ ನೋಡಿ, ಎಳೆದೊಯ್ಯುವ ಕೊಂಡಿಯನ್ನು ಮುಂಚಿತವಾಗಿಯೇ ಸಿಕ್ಕಿಸಿಡಲು ಹೇಳಿದರು. ಅನಂತರ ಒಂದು ಗಂಟೆಯ ಪಾಠ. ಹಳದಿ ಬಾವುಟ ಕಂಡರೆ ಮುಂದೆ ಅಪಾಯವಿದೆ, ಯಾರನ್ನೂ ಹಿಂದೆ ಹಾಕಕೂಡದು. ಕೆಂಪು ಕಂಡರೆ ಓಟ ನಿಂತಿತು, ನಿಧಾನವಾಗಿ ಒಳಕ್ಕೆ ಬರತಕ್ಕದ್ದು. ನೀಲಿ ಕಂಡರೆ ಹಿಂದೆ ನಿನಗಿಂತ ವೇಗದವನು ಇದ್ದಾನೆ. ತಿರುವಿನಲ್ಲಿ ಯಾರೂ ಯಾರನ್ನೂ ದಾಟುವಂತಿಲ್ಲ. ನೇರವಾದ ಹಾದಿಯಲ್ಲಿ, ಅದೂ ಮುಂದಿನವನು ಕೈಬೀಸಿ ಅನುಮತಿ ಕೊಟ್ಟ ಮೇಲೆ ಮಾತ್ರ. ನಮ್ಮ ಮಂಡ್ಯದ ರಸ್ತೆಯಲ್ಲಿ ಎಡಗಡೆಯಿಂದ ನುಗ್ಗಿ ಬಲಕ್ಕೆ ಹೊರಳುವ ವೀರರನ್ನು ನಿತ್ಯ ಕಾಣುವ ನನಗೆ ಆ ಶಿಸ್ತು ಯಾವುದೋ ಮಠದ ಪಂಕ್ತಿಭೋಜನದಂತೆ ತೋರಿತು.

ರಾತ್ರಿ ಊಟವಾದ ಮೇಲೆ ವಸತಿಗೃಹದ ಹಜಾರದಲ್ಲಿ ಎಂಟು ಹತ್ತು ಜನ ಕುಳಿತು ದಿನದ ಅನುಭವವನ್ನು ಹಂಚಿಕೊಂಡರು. ದಾವಣಗೆರೆಯ ಬಟ್ಟೆ ವ್ಯಾಪಾರಿಯೊಬ್ಬರು, ಒಬ್ಬ ದಂತವೈದ್ಯರು, ಭೌತಶಾಸ್ತ್ರ ಬೋಧಿಸುವ ಅಧ್ಯಾಪಿಕೆಯೊಬ್ಬರು. ಉಳಿದವರು ನನ್ನ ಸೋದರಳಿಯನಂಥ ತರುಣರು. ವೇಗದ ಬಡಾಯಿಯನ್ನು ಕೇಳಲು ಸಿದ್ಧನಾಗಿಯೇ ನಾನು ಮೂಲೆಯ ಕುರ್ಚಿಯಲ್ಲಿ ಕುಳಿತೆ. ಎರಡು ಗಂಟೆಯ ಮಾತಿನಲ್ಲಿ ವೇಗದ ಸುದ್ದಿ ಬಂದದ್ದು ಅಪರೂಪ. ಬಂದದ್ದೆಲ್ಲ ಬ್ರೇಕಿನ ಸುದ್ದಿ.

ಮೊದಲು ಬಾಯಿ ಬಿಟ್ಟವನು ನಮ್ಮ ಹುಡುಗನೇ. "ಮಾವ, ನೀವು ಬೈದರೂ ಸರಿ, ಹೇಳಿಬಿಡುತ್ತೇನೆ. ನನಗೆ ಬ್ರೇಕು ಹಾಕೋದಕ್ಕೇ ಬರುತ್ತಿರಲಿಲ್ಲ," ಎಂದ. ಬೆಳಗಿನ ಮೊದಲ ಅಭ್ಯಾಸದಲ್ಲಿ ಶಿಕ್ಷಕರು ಅವನ ಪಕ್ಕದಲ್ಲಿ ಕುಳಿತು, ನೇರವಾದ ಹಾದಿಯಲ್ಲಿ ನೂರರ ವೇಗದಿಂದ ಒಮ್ಮೆಗೇ ಪೂರ್ತಿ ಬಲದಿಂದ ಬ್ರೇಕು ಒತ್ತಲು ಹೇಳಿದರಂತೆ. ಒತ್ತಿದ. ಪೆಡಲು ಕಾಲಿನ ಕೆಳಗೆ ಗಡಗಡನೆ ನಡುಗಿತು. ಏನೋ ಮುರಿಯಿತೆಂದು ಬೆದರಿ ಇವನು ಕಾಲು ತೆಗೆದುಬಿಟ್ಟ. ಅದು ಮುರಿದದ್ದಲ್ಲ, ಚಕ್ರಗಳು ಉರುಳುವುದನ್ನು ಬಿಟ್ಟು ಜಾರದಂತೆ ತಡೆಯುವ ಎ.ಬಿ.ಎಸ್. ಯಂತ್ರ ತನ್ನ ಕೆಲಸ ಮಾಡುತ್ತಿದ್ದ ಸದ್ದು. ೨೦೧೯ರ ಏಪ್ರಿಲ್ ತಿಂಗಳಿನಿಂದ ನಮ್ಮ ದೇಶದಲ್ಲಿ ಮಾರಾಟವಾಗುವ ಹೊಸ ಕಾರುಗಳಿಗೆಲ್ಲ ಈ ಸಾಧನ ಕಡ್ಡಾಯ. ಸಾಧನವನ್ನು ಕಡ್ಡಾಯ ಮಾಡಿದ ನಾವು, ಅದು ನಡುಗಿದಾಗ ಕಾಲು ತೆಗೆಯಬಾರದೆಂಬ ಒಂದು ವಾಕ್ಯವನ್ನು ಯಾರಿಗೂ ಹೇಳಿಕೊಡಲಿಲ್ಲ. ಐದು ವರ್ಷ ಕಾರು ಓಡಿಸಿ, ನೂರಾರು ಸಲ ಮೈಸೂರಿಗೆ ಹೋಗಿಬಂದವನು, ನಿಜವಾಗಿಯೂ ಆಪತ್ತು ಬಂದಿದ್ದರೆ ಅರ್ಧದಲ್ಲಿ ಬ್ರೇಕು ಬಿಡುತ್ತಿದ್ದ. "ಇದು ನಿನ್ನೊಬ್ಬನದೇ ಕಥೆಯಲ್ಲ ಗುರು," ಎಂದರು ವ್ಯಾಪಾರಿಗಳು. "ನಾನೂ ಹಾಗೇ ಕಾಲು ತೆಗೆದೆ. ನಾನು ಓಡಿಸಲು ಹಿಡಿದು ಇಪ್ಪತ್ತೆರಡು ವರ್ಷ ಆಯ್ತು."

ದಂತವೈದ್ಯರ ಅನುಭವ ಮತ್ತೊಂದು ಬಗೆಯದು. ಐದನೆಯ ಸುತ್ತಿನಲ್ಲಿ ಅವರ ಕಾರಿನ ಪೆಡಲು ಮೆತ್ತಗಾಗಿ ಒಳಕ್ಕೆ ಇಳಿಯತೊಡಗಿತು. ಕಾರು ನಿಲ್ಲುವ ಬದಲು ನಿಧಾನವಾಗಿ ಯೋಚಿಸತೊಡಗಿತು ಎಂದು ಅವರು ವರ್ಣಿಸಿದರು. ಕಾರಣ ಸರಳ. ನಮ್ಮ ಕಾಲಿನ ಒತ್ತಡವನ್ನು ಚಕ್ರಕ್ಕೆ ಮುಟ್ಟಿಸುವುದು ಕೊಳವೆಯಲ್ಲಿರುವ ಒಂದು ದ್ರವ. ಡಾಟ್-೩ ಎಂಬ ದರ್ಜೆಯ ಹೊಸ ದ್ರವ ೨೦೫ ಡಿಗ್ರಿ ಸೆಲ್ಸಿಯಸ್‌ಗಿಂತ ಕಡಮೆ ಶಾಖದಲ್ಲಿ ಕುದಿಯಬಾರದೆಂದು ನಿಯಮ. ಆದರೆ ಅದು ಗಾಳಿಯ ತೇವವನ್ನು ಹೀರುತ್ತ ಹೋಗುತ್ತದೆ. ಹಾಗೆ ತೇವ ಹೀರಿದ ಹಳೆಯ ದ್ರವಕ್ಕೆ ನಿಯಮ ವಿಧಿಸಿರುವ ಮಿತಿ ಕೇವಲ ೧೪೦. ಕುದಿದಾಗ ಗುಳ್ಳೆ ಏಳುತ್ತದೆ. ದ್ರವವನ್ನು ಒತ್ತಬಹುದು, ಗುಳ್ಳೆಯನ್ನು ಒತ್ತಿದರೆ ಅದು ಕುಗ್ಗುತ್ತದೆಯೇ ಹೊರತು ಬಲವನ್ನು ಮುಂದಕ್ಕೆ ಸಾಗಿಸುವುದಿಲ್ಲ. ಆಗುಂಬೆ, ಚಾರ್ಮಾಡಿ ಘಾಟಿಗಳನ್ನು ಇಳಿಯುವ ನಮ್ಮ ಹಳೆಯ ಲಾರಿ ಚಾಲಕರು ಇದನ್ನು ಯಾವ ಪುಸ್ತಕವನ್ನೂ ಓದದೆ ಬಲ್ಲರು. ಹತ್ತುವ ಗೇರಿನಲ್ಲೇ ಇಳಿ, ಬ್ರೇಕನ್ನು ನಂಬಬೇಡ ಎಂಬುದು ಅವರ ಮಂತ್ರ. ಡಾಕ್ಟರು ಆ ಮಂತ್ರವನ್ನು ಕಲಿಯಲು ಮುನ್ನೂರು ಕಿಲೋಮೀಟರು ಬರಬೇಕಾಯಿತು. ತಾವು ಕಾರು ಕೊಂಡಂದಿನಿಂದ ಆ ದ್ರವವನ್ನು ಒಮ್ಮೆಯೂ ಬದಲಾಯಿಸಿರಲಿಲ್ಲವೆಂದು ಅವರು ಒಪ್ಪಿಕೊಂಡಾಗ, "ರೋಗಿಗಳಿಗೆ ಮಾತ್ರ ಆರು ತಿಂಗಳಿಗೊಮ್ಮೆ ಬನ್ನಿ ಅಂತೀರಿ ಡಾಕ್ಟ್ರೇ!" ಎಂದು ಯಾರೋ ಕೂಗಿದರು.

ಆದರೆ ಆ ರಾತ್ರಿ ಎಲ್ಲರ ಮಾತನ್ನೂ ನಿಲ್ಲಿಸಿದವರು ಅಧ್ಯಾಪಿಕೆ. ಅವರು ಊಟದ ಬಿಲ್ಲಿನ ಹಿಂದೆ ಒಂದು ಚಿಕ್ಕ ಲೆಕ್ಕ ಬರೆದು ನಡುವೆ ಇಟ್ಟರು. ಒಂದೇ ಬಗೆಯ ಎರಡು ಕಾರುಗಳು ಅಕ್ಕಪಕ್ಕದಲ್ಲಿ ಹೋಗುತ್ತಿವೆ. ಒಂದರ ವೇಗ ಗಂಟೆಗೆ ೧೦೦ ಕಿಲೋಮೀಟರು, ಇನ್ನೊಂದರದು ೧೪೦. ಮುಂದೆ ಒಂದು ಎಮ್ಮೆ ನಿಂತಿದೆ. ಇಬ್ಬರು ಚಾಲಕರೂ ಒಂದೇ ಕ್ಷಣದಲ್ಲಿ, ಒಂದೇ ಬಲದಿಂದ ಬ್ರೇಕು ಹಾಕುತ್ತಾರೆ. ನೂರರ ಕಾರು ಎಮ್ಮೆಯ ಮೂಗಿನ ಮುಂದೆ ಸರಿಯಾಗಿ ನಿಂತಿತು ಎನ್ನೋಣ. ಅದೇ ಜಾಗಕ್ಕೆ ಬಂದಾಗ ಎರಡನೆಯ ಕಾರಿನ ವೇಗ ಎಷ್ಟಿರುತ್ತದೆ? ನಲವತ್ತು ಎಂದರು ಒಬ್ಬರು. ಐವತ್ತು ಎಂದರು ಇನ್ನೊಬ್ಬರು. ಉತ್ತರ ೯೮. ಚಲಿಸುವ ವಸ್ತುವಿನ ಶಕ್ತಿ ವೇಗದ ವರ್ಗಕ್ಕೆ ಅನುಗುಣವಾಗಿ ಬೆಳೆಯುತ್ತದೆ. ೧೪೦ರ ವರ್ಗ ೧೯,೬೦೦. ಅದರಿಂದ ೧೦೦ರ ವರ್ಗವಾದ ೧೦,೦೦೦ವನ್ನು ಕಳೆದರೆ ೯,೬೦೦ ಉಳಿಯಿತು. ಅದರ ವರ್ಗಮೂಲ ೯೮. ಪಕ್ಕದ ಕಾರು ನಿಂತ ಜಾಗದಲ್ಲಿ ಇವನು ಇನ್ನೂ ೯೮ರ ವೇಗದಲ್ಲಿ ಎಮ್ಮೆಗೆ ಬಡಿಯುತ್ತಾನೆ. "ಇದು ಪಿ.ಯು.ಸಿ. ಮಕ್ಕಳ ಲೆಕ್ಕ. ನಾನೇ ಹತ್ತು ವರ್ಷದಿಂದ ಪಾಠ ಮಾಡ್ತಾ ಇದ್ದೀನಿ. ಇವತ್ತು ಮಧ್ಯಾಹ್ನ ಆ ಗೋಡೆ ನನ್ನ ಕಡೆಗೆ ಬಂದಾಗಲೇ ನನಗೆ ಅದು ಅರ್ಥವಾದದ್ದು," ಎಂದರು ಆಕೆ.

ಈ ಲೆಕ್ಕವನ್ನು ನಮ್ಮ ಕಡೆಗೆ ತಂದು ನೋಡಬೇಕು. ೨೦೨೩ರ ಮಾರ್ಚಿಯಲ್ಲಿ ಬೆಂಗಳೂರು-ಮೈಸೂರು ಹೊಸ ಹೆದ್ದಾರಿಯ ಉದ್ಘಾಟನೆಯಾಯಿತು. ಸುಮಾರು ೧೧೮ ಕಿಲೋಮೀಟರಿನ ಸೊಗಸಾದ ಹಾದಿ. ಉದ್ಘಾಟನೆಯ ಭಾಷಣಗಳಲ್ಲಿ ಉಳಿತಾಯವಾಗುವ ನಿಮಿಷಗಳ ಮಾತು ಧಾರಾಳವಾಗಿ ಬಂತು. ಆಮೇಲಿನ ತಿಂಗಳುಗಳಲ್ಲಿ ರಾಮನಗರ, ಮಂಡ್ಯ ಜಿಲ್ಲೆಗಳಿಂದ ಸಾವಿನ ವರದಿಗಳು ಬಂದು, ಕಾರುಗಳಿಗೆ ನೂರರ ಮಿತಿ, ಕ್ಯಾಮರಾ, ದಂಡ, ಆಗಸ್ಟ್ ೧ರಿಂದ ದ್ವಿಚಕ್ರ ವಾಹನ, ಆಟೋ, ಟ್ರಾಕ್ಟರುಗಳಿಗೆ ನಿಷೇಧ ಒಂದೊಂದಾಗಿ ಬಂದುವು. ಇವೆಲ್ಲ ಆವಶ್ಯಕವಾದ ಕ್ರಮಗಳೇ. ಆದರೆ ಎತ್ತಿನ ಗಾಡಿಯೂ ಬಸ್ಸೂ ಹೆಗಲು ಹಚ್ಚಿ ಸಾಗುತ್ತಿದ್ದ ಹಾದಿಯಲ್ಲಿ ಅರವತ್ತರ ವೇಗಕ್ಕೆ ಪಳಗಿದ್ದ ಚಾಲಕನನ್ನು ಒಂದೇ ಬೆಳಗಿನಲ್ಲಿ ನೂರರ ಹಾದಿಗೆ ಬಿಡುವಾಗ, ಅವನಿಗೆ ನಿಲ್ಲಿಸಲು ಬರುತ್ತದೆಯೇ ಎಂದು ಯಾರೂ ಕೇಳಲಿಲ್ಲ. ಕೇಂದ್ರ ಸರ್ಕಾರದ ವರದಿಯಂತೆ ೨೦೨೨ರಲ್ಲಿ ದೇಶದ ರಸ್ತೆಗಳ ಮೇಲೆ ಸತ್ತವರು ೧,೬೮,೪೯೧ ಮಂದಿ. ಅವರಲ್ಲಿ ನೂರಕ್ಕೆ ಎಪ್ಪತ್ತಕ್ಕಿಂತ ಹೆಚ್ಚು ಸಾವಿಗೆ ಅತಿವೇಗವೇ ಕಾರಣವೆಂದು ಅದೇ ವರದಿ ಬರೆಯಿತು. ಪೊಲೀಸರ ಲೇಖಣಿಗೆ ಅತಿವೇಗವೆಂಬುದು ಸುಲಭವಾಗಿ ಬರುವ ಶಬ್ದವೆಂದು ಅನುಮಾನಿಸಿ ಅರ್ಧವನ್ನು ಬಿಟ್ಟರೂ, ಉಳಿದ ಸಂಖ್ಯೆ ಒಂದು ಜಿಲ್ಲಾಕೇಂದ್ರದ ಜನಸಂಖ್ಯೆಗೆ ಹತ್ತಿರ ಬರುತ್ತದೆ.

ಕಾನೂನು ಈ ವಿಷಯದಲ್ಲಿ ಮೌನವಾಗಿಲ್ಲವೆಂಬುದೇ ವಿಚಿತ್ರ. ೧೯೮೯ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ ೧೫ನೆಯದು ಚಾಲನಾ ಪರೀಕ್ಷೆಗೆ ಸಂಬಂಧಿಸಿದ್ದು. ಅಭ್ಯರ್ಥಿ ಏನೇನು ಮಾಡಿ ತೋರಿಸಬೇಕೆಂಬ ಪಟ್ಟಿಯಲ್ಲಿ, ತುರ್ತು ಸಂದರ್ಭದಲ್ಲಿ ವಾಹನವನ್ನು ನಿಲ್ಲಿಸುವುದೂ ಸೇರಿದೆ. ಓದಿದಾಗ ನಾನು ಚಕಿತನಾದೆ. ನನ್ನ ಲೈಸೆನ್ಸಿನ ದಿನ ಅಧಿಕಾರಿಗಳು ನನ್ನನ್ನು ಎಂಟರ ಆಕಾರದಲ್ಲಿ ಸುತ್ತಿಸಿದರು, ಹಿಂದಕ್ಕೆ ಸರಿಸಿದರು, ಹೆಸರು ಕೇಳಿದರು. ನಿಲ್ಲಿಸಲು ಹೇಳಿದ್ದು ರುಜು ಹಾಕುವುದಕ್ಕೆ ಮಾತ್ರ. ಹಜಾರದಲ್ಲಿದ್ದ ಹತ್ತು ಮಂದಿಯನ್ನೂ ವಿಚಾರಿಸಿದೆ. ತುರ್ತಾಗಿ ನಿಲ್ಲಿಸಿ ತೋರಿಸೆಂದು ಕೇಳಿಸಿಕೊಂಡವರು ಒಬ್ಬರೂ ಇರಲಿಲ್ಲ. ಎಂಟು ಬರೆಯುವುದು ಸುಳ್ಳು ವಿದ್ಯೆಯೆಂದು ನಾನು ಹೇಳುತ್ತಿಲ್ಲ. ಆದರೆ ಹತ್ತರ ವೇಗದಲ್ಲಿ ಎಂಟು ಬರೆದವನಿಗೆ ನೂರರ ಹಾದಿಯನ್ನು ಒಪ್ಪಿಸುವುದು, ಕಾಗುಣಿತ ಬಂದವನಿಗೆ ಪಂಚಾಯಿತಿ ತೀರ್ಪು ಬರೆಯಲು ಬಿಟ್ಟಂತೆ.

ಹಾಗಾದರೆ ಎಲ್ಲರನ್ನೂ ಓಟದ ವರ್ತುಲಕ್ಕೆ ಕಳಿಸೋಣವೇ? ಇಲ್ಲಿ ಎಚ್ಚರ ಬೇಕು. ನಾರ್ವೆ ದೇಶದವರು ಎಪ್ಪತ್ತರ ದಶಕದ ಕೊನೆಗೆ ಹೊಸ ಚಾಲಕರಿಗೆಲ್ಲ ಜಾರುನೆಲದ ಮೇಲೆ ಕಾರನ್ನು ಹತೋಟಿಗೆ ತರುವ ಶಿಕ್ಷಣವನ್ನು ಕಡ್ಡಾಯ ಮಾಡಿದರು. ಕೆಲವು ವರ್ಷಗಳ ಮೇಲೆ ಲೆಕ್ಕ ಹಾಕಿ ನೋಡಿದರೆ, ತರುಣ ಗಂಡಸರಲ್ಲಿ ಜಾರುರಸ್ತೆಯ ಅಪಘಾತಗಳು ಇಳಿಯುವ ಬದಲು ಏರಿದ್ದುವು. ಹತೋಟಿಗೆ ತರುವುದನ್ನು ಕಲಿತೆನೆಂದು ತಿಳಿದವನು, ಹತೋಟಿ ತಪ್ಪುವ ಜಾಗಕ್ಕೆ ಧೈರ್ಯವಾಗಿ ಹೋಗುತ್ತಾನೆ. ಆ ಪೆಟ್ಟಿನಿಂದ ಪಾಠ ಕಲಿತ ಉತ್ತರದ ದೇಶಗಳು ಶಿಕ್ಷಣದ ಉದ್ದೇಶವನ್ನೇ ಬದಲಾಯಿಸಿದುವು. ಸ್ವೀಡನ್ನಿನಲ್ಲಿ ಲೈಸೆನ್ಸು ಪಡೆಯುವ ಮೊದಲು ನುಣುಪು ನೆಲದ ಮೇಲೆ ಒಂದು ಪಾಠ ಇಂದಿಗೂ ಕಡ್ಡಾಯ. ಆದರೆ ಅಲ್ಲಿ ಅಭ್ಯರ್ಥಿಗೆ ಗೆಲ್ಲಲು ಕಲಿಸುವುದಿಲ್ಲ, ಸೋಲು ಎಷ್ಟು ಬೇಗ ಬರುತ್ತದೆಂದು ತೋರಿಸುತ್ತಾರೆ. ಇರುಂಗಾಟ್ಟುಕೋಟೆಯ ಎರಡು ದಿನಗಳಲ್ಲಿ ಈ ಎರಡೂ ಬಗೆಯ ಪಾಠ ನಡೆಯುತ್ತದೆ. ಶನಿವಾರ ರಾತ್ರಿ ಎಲ್ಲರೂ ಸೋಲಿನ ಮಾತನಾಡಿದರು. ಭಾನುವಾರ ಮಧ್ಯಾಹ್ನದ ಹೊತ್ತಿಗೆ ಒಂದಿಬ್ಬರ ಮುಖದಲ್ಲಿ, ಈಗ ಬಂತು ಎಂಬ ಕಳೆ ಕಾಣತೊಡಗಿತ್ತು.

ಆ ಇಬ್ಬರಲ್ಲಿ ಒಬ್ಬ ತರುಣ ಊಟದ ನಂತರದ ಮೂರನೆಯ ಸುತ್ತಿನಲ್ಲಿ, ಬ್ರೇಕು ಹಾಕಬೇಕಾದ ಗುರುತನ್ನು ದಾಟಿ ಎರಡು ಹೆಜ್ಜೆ ಮುಂದೆ ಹಾಕಿದ. ತಿರುವಿನಲ್ಲಿ ಬೆದರಿ ವೇಗದ ಪೆಡಲಿನಿಂದ ಕಾಲು ತೆಗೆದ. ಭಾರವೆಲ್ಲ ಮುಂದಿನ ಚಕ್ರಗಳಿಗೆ ಬಿದ್ದು, ಹಿಂದಿನವು ಹಿಡಿತ ಕಳೆದುಕೊಂಡು, ಕಾರು ಬುಗುರಿಯಂತೆ ತಿರುಗಿ ಟೈರುಗಳ ಗೋಡೆಗೆ ಮೈಯೊರಗಿಸಿತು. ಅವನಿಗೆ ಏನೂ ಆಗಲಿಲ್ಲ. ಕಾರಿನ ಒಂದು ಪಕ್ಕ ಚಪ್ಪಟೆಯಾಯಿತು. ಅದರ ಮೇಲೆ ಇನ್ನೂ ಮೂರು ವರ್ಷದ ಸಾಲದ ಕಂತು ಇತ್ತು. ಓಟ, ವೇಗಪರೀಕ್ಷೆ ಮೊದಲಾದವುಗಳಲ್ಲಿ ಆದ ನಷ್ಟವನ್ನು ನಮ್ಮ ಖಾಸಗಿ ಕಾರುಗಳ ವಿಮಾಪತ್ರ ಸಾಮಾನ್ಯವಾಗಿ ತುಂಬಿಕೊಡುವುದಿಲ್ಲ. ಸಹಿ ಹಾಕುವ ಮೊದಲು ಅದನ್ನು ಓದಿದವರು ಆ ಗುಂಪಿನಲ್ಲಿ ಅಧ್ಯಾಪಿಕೆಯೊಬ್ಬರೇ. ಹುಡುಗ ಕಟ್ಟೆಯ ಮೇಲೆ ಕುಳಿತು ಹೆಲ್ಮೆಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಬಹಳ ಹೊತ್ತು ಸುಮ್ಮನಿದ್ದ. "ಇದೇ ಮದ್ದೂರಿನ ಹತ್ತಿರ ಆಗಿದ್ದರೆ?" ಎಂದು ನಮ್ಮವನು ಅವನ ಬೆನ್ನು ಸವರಿದ. ಮದ್ದೂರಿನಲ್ಲಿ ಟೈರಿನ ಗೋಡೆ ಇರುವುದಿಲ್ಲ.

ಹಾಗೆಂದು ವರ್ತುಲ ನಿರಪಾಯವಾದ ಜಾಗವೇನೂ ಅಲ್ಲ. ೨೦೨೩ರ ಜನವರಿಯಲ್ಲಿ ಇದೇ ಹಾದಿಯಲ್ಲಿ ರಾಷ್ಟ್ರೀಯ ಕಾರು ಪಂದ್ಯದ ವೇಳೆ ೫೯ ವರ್ಷದ ಪಳಗಿದ ಚಾಲಕರೊಬ್ಬರು ತೀರಿಕೊಂಡರು. ಅದೇ ವರ್ಷದ ಆಗಸ್ಟಿನಲ್ಲಿ ಮೋಟಾರುಸೈಕಲ್ ಪಂದ್ಯದಲ್ಲಿ ಬಿದ್ದು ಸತ್ತವನು ಬೆಂಗಳೂರಿನ ೧೩ ವರ್ಷದ ಬಾಲಕ. ಹವ್ಯಾಸಿಗಳ ವಾರಾಂತ್ಯ ಬೇರೆ, ಪಂದ್ಯ ಬೇರೆ, ನಿಜ. ಆದರೂ ಆ ಬಾಲಕನ ವಯಸ್ಸನ್ನು ನೆನೆದಾಗ, ವೇಗವನ್ನು ಕುರಿತು ಉತ್ಸಾಹದಿಂದ ಬರೆಯುವ ಲೇಖಣಿ ತಾನಾಗಿಯೇ ನಿಲ್ಲುತ್ತದೆ.

ಈ ವರ್ತುಲದ ಹಿಂದಿನ ಕಥೆಯನ್ನೂ ಇಲ್ಲಿ ಒಂದು ಮಾತಿನಲ್ಲಿ ಹೇಳಬಹುದು. ಚೆನ್ನೈಗೆ ಉತ್ತರದಲ್ಲಿ ಷೋಲಾವರಂ ಎಂಬಲ್ಲಿ ಎರಡನೆಯ ಮಹಾಯುದ್ಧದ ಕಾಲದ ವಿಮಾನಪಥವೊಂದು ಪಾಳುಬಿದ್ದಿತ್ತು. ಐವತ್ತರ ದಶಕದಿಂದ ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನವರು ಅದರ ಮೇಲೆ ಪಂದ್ಯಗಳನ್ನು ನಡೆಸಿದರು. ಮುಂದೆ ಸ್ವಂತ ಜಮೀನು ಕೊಂಡು ೧೯೯೦ರಲ್ಲಿ ಇರುಂಗಾಟ್ಟುಕೋಟೆಯ ಹಾದಿಯನ್ನು ತೆರೆದರು. ಕೊಯಮತ್ತೂರಿನ ಬಳಿ ೨೦೦೩ರಲ್ಲಿ ಇನ್ನೊಂದು ಬಂತು. ಮನೆಯಂಗಳದ ಶ್ರದ್ಧೆಯಿಂದ ಓಟದ ಕಾರುಗಳನ್ನು ಕಟ್ಟಿದ ಕರಿವರ್ಧನ್ ಅವರ ಹೆಸರು ಅದಕ್ಕೆ. ದೆಹಲಿಯ ಬಳಿ ೨೦೧೧ರಲ್ಲಿ ಭಾರಿ ಹಣ ಸುರಿದು ಕಟ್ಟಿದ ಬುದ್ಧ ವರ್ತುಲದಲ್ಲಿ ಫಾರ್ಮುಲಾ ಒನ್ ಮೂರೇ ವರ್ಷ ಓಡಿ ನಿಂತಿತು. ಮೋಟಾರು ಉದ್ಯಮಕ್ಕೂ ಎಂಜಿನಿಯರುಗಳಿಗೂ ಹೆಸರಾದ ಕರ್ನಾಟಕದಲ್ಲಿ, ಚಿಕ್ಕ ಗೋ-ಕಾರ್ಟು ಹಾದಿಗಳನ್ನು ಬಿಟ್ಟರೆ, ಚೆನ್ನೈಯಂಥ ಪೂರ್ಣ ಅಳತೆಯ ವರ್ತುಲವಿಲ್ಲ. ಇದ್ದರೆ ರಾತ್ರಿ ಹೊತ್ತು ವಿಮಾನನಿಲ್ದಾಣದ ರಸ್ತೆಯಲ್ಲಿ ಪಂದ್ಯ ಕಟ್ಟುವವರು ಅಲ್ಲಿಗೆ ಹೋಗುತ್ತಿದ್ದರೆಂದು ಕೆಲವರು ವಾದಿಸುತ್ತಾರೆ. ನನಗೆ ಆ ನಂಬಿಕೆಯಿಲ್ಲ. ಸಾರ್ವಜನಿಕ ರಸ್ತೆಯಲ್ಲಿ ಅನುಮತಿಯಿಲ್ಲದೆ ಪಂದ್ಯ ಕಟ್ಟಿದವನಿಗೆ ೨೦೧೯ರ ತಿದ್ದುಪಡಿಯ ಮೇಲೆ ಮೂರು ತಿಂಗಳವರೆಗಿನ ಸೆರೆ ಅಥವಾ ೫,೦೦೦ ರೂಪಾಯಿ ದಂಡವಿದೆ; ಅದಕ್ಕೂ ಹೆದರದವನು ಸಾಲಾಗಿ ನಿಂತು, ಹಣ ಕಟ್ಟಿ, ಬಾವುಟದ ಪಾಠ ಕೇಳಿಯಾನೇ?

ನನ್ನ ಚಿಂತೆ ಆ ಪುಂಡರದಲ್ಲ. ಮದುವೆಗೆ ಹೊರಟು, ಹಿಂದಿನ ಸೀಟಿನಲ್ಲಿ ಮಕ್ಕಳನ್ನೂ ಅತ್ತೆಯನ್ನೂ ಕೂರಿಸಿಕೊಂಡು, ರಸ್ತೆ ಚೆನ್ನಾಗಿದೆಯೆಂಬ ಒಂದೇ ಧೈರ್ಯದಿಂದ ನೂರಿಪ್ಪತ್ತರಲ್ಲಿ ಹೋಗುವ ಸಭ್ಯ ಗೃಹಸ್ಥನದು. ಅವನು ಇರುಂಗಾಟ್ಟುಕೋಟೆಗೆ ಹೋಗಲಾರ. ಶುಲ್ಕ, ಪೆಟ್ರೋಲು, ಟೈರಿನ ಸವೆತ, ವಸತಿ ಎಲ್ಲ ಕೂಡಿಸಿದರೆ ಒಬ್ಬ ಗುಮಾಸ್ತೆಯ ತಿಂಗಳ ಸಂಬಳವನ್ನು ನುಂಗುವ ವಿಹಾರ ಅದು. ಅವನಿಗೆ ಹನ್ನೆರಡು ತಿರುವುಗಳೂ ಬೇಡ. ಸುರಕ್ಷಿತವಾದ ನಾನ್ನೂರು ಮೀಟರು ನೇರ ಹಾದಿ, ಒಂದು ಸಾಲು ಪ್ಲಾಸ್ಟಿಕ್ ಕೋನುಗಳು, ಒಬ್ಬ ಶಿಕ್ಷಕ, ಅರ್ಧ ದಿನ ಸಾಕು. ನಲವತ್ತರಿಂದ, ಅರವತ್ತರಿಂದ, ಎಂಬತ್ತರಿಂದ ಒಮ್ಮೊಮ್ಮೆ ನಿಲ್ಲಿಸಿ, ಪ್ರತಿ ಸಲವೂ ತಾನು ಊಹಿಸಿದ ಜಾಗಕ್ಕಿಂತ ಕಾರು ಎಷ್ಟು ಮುಂದೆ ಹೋಗಿ ನಿಂತಿತೆಂದು ಅವನೇ ಇಳಿದು ನಡೆದು ನೋಡಲಿ.

ಈ ಮಾತು ನನ್ನದಲ್ಲ, ಅಧ್ಯಾಪಿಕೆಯದು. ಹಿಂದಿರುಗಿದ ವಾರದಲ್ಲಿಯೇ ಆಕೆ ತಮ್ಮ ಊರಿನ ಸಾರಿಗೆ ಕಚೇರಿಗೆ ಒಂದು ಅರ್ಜಿ ಬರೆದರು. ಲೈಸೆನ್ಸು ಪರೀಕ್ಷೆಗೆಂದು ಕಟ್ಟಿದ ಹಾದಿ ಭಾನುವಾರಗಳಲ್ಲಿ ಖಾಲಿ ಬಿದ್ದಿರುತ್ತದೆ. ಅದರ ನೇರವಾದ ಭಾಗದಲ್ಲಿ ಕಡಮೆ ವೇಗದಲ್ಲಾದರೂ ಬ್ರೇಕಿನ ಪಾಠವನ್ನು ತಾವೂ ಡಾಕ್ಟರೂ ಸೇರಿ ಉಚಿತವಾಗಿ ಹೇಳಿಕೊಡಲು ಸಿದ್ಧ. ಕೋನುಗಳನ್ನು ತಾವೇ ತರುತ್ತೇವೆ ಎಂದು. ಅರ್ಜಿಯನ್ನು ಪಡೆದ ಗುಮಾಸ್ತೆ, ಇದಕ್ಕೆ ಯಾವ ನಮೂನೆ ಎಂದು ಕೇಳಿದನಂತೆ. ನಮೂನೆ ಇರಲಿಲ್ಲ. ಬಿಳಿಯ ಹಾಳೆಯ ಮೇಲೆಯೇ ಮುದ್ರೆ ಒತ್ತಿ ಇಟ್ಟುಕೊಂಡಿದ್ದಾನೆ. ಮೂರು ತಿಂಗಳಾಯಿತು. ಆಕೆ ಎರಡು ಬಾರಿ ಹೋಗಿ ವಿಚಾರಿಸಿ ಬಂದಿದ್ದಾರೆ. ಮೂರನೆಯ ಬಾರಿಗೆ ನಮ್ಮ ಹುಡುಗನೂ ಜೊತೆಗೆ ಹೋಗುವವನಿದ್ದಾನೆ.